ಗುರ್ಕಾರರ ಭಕ್ತಿ ಮತ್ತು ಕೂಲಿಯ ಬಾಕಿ

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಹಳ್ಳಿಯೊಂದರ ಅಡಿಕೆ ಕೃಷಿಕ, ವಯಸ್ಸು 51. ನಾಲ್ಕು ವರ್ಷಗಳಿಂದ ನಮ್ಮ ಇಗರ್ಜಿಯ (ಚರ್ಚಿನ) ವಾರ್ಡಿನ ಮುಖ್ಯಸ್ಥ, ಅಂದರೆ ಗುರ್ಕಾರನಾಗಿದ್ದೇನೆ. ಇಗರ್ಜಿಯಲ್ಲಿ ಬೈಬಲ್ ವಾಚನ ಮಾಡುತ್ತೇನೆ, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ, ಮನೆಯಲ್ಲಿ ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ತಪ್ಪಿಸಿದವನಲ್ಲ. ಕಳೆದ ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಮಳೆ ಸುರಿಯಿತು, ಆಮೇಲೆ ಕೊಳೆರೋಗವೂ ಬಂತು. ಕೆಲಸ ಸರಿಯಾಗಲಿಲ್ಲವೆಂಬ ಸಿಟ್ಟಿನಲ್ಲಿ ಮದ್ದು ಬಿಟ್ಟವರ ಕೂಲಿಯಲ್ಲಿ ಅರ್ಧವನ್ನು ಹಿಡಿದುಕೊಂಡೆ. ಅಂಗಡಿಯ ಎದುರು ಮಾತಿಗೆ ಮಾತು ಬೆಳೆದು ಅವರನ್ನು ಬೈದೂಬಿಟ್ಟೆ. ಅವರು ನಮ್ಮ ಧರ್ಮದವರಲ್ಲ. “ಇಗರ್ಜಿಯಲ್ಲಿ ಬೈಬಲ್ ಓದುವವರು ಇವರೇ ಅಲ್ಲವೇ?” ಎಂದು ಅವರು ಎಲ್ಲರ ಎದುರು ಕೇಳಿದರು. ನನ್ನ 17 ವರ್ಷದ ಮಗ ಅಲ್ಲಿಯೇ ನಿಂತಿದ್ದ. ಅಂದಿನಿಂದ ಅವನು ತೇರ್ಸಿಗೆ ಕೂರುತ್ತಿಲ್ಲ. “ಪಪ್ಪಾ, ನಿಮ್ಮ ಭಕ್ತಿ ಊರಿಗೆ ತೋರಿಸಲಿಕ್ಕೆ” ಎನ್ನುತ್ತಾನೆ. ನನಗೂ ಈಗ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಬಾಯಿ ಮಾತ್ರ ಹೇಳುತ್ತಿದೆ. ನಾನು ಕಪಟಿಯೇ? ಗುರ್ಕಾರಿಕೆ ಬಿಡಬೇಕೇ? ನೆರೆಯ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆ ಕೊಟ್ಟಾಗಲೂ ನಮ್ಮವರೊಬ್ಬರು “ಗುರ್ಕಾರರೇ, ಇದು ಯಾವ ಮಾದರಿ?” ಎಂದು ಕೇಳಿದ್ದರು. ಇತರರಿಗೆ ಮಾದರಿಯಾಗಿ ಬದುಕುವುದೆಂದರೆ ಹೇಗೆ? ಮುಂದಿನ ಭಾನುವಾರದ ವಾಚನ ನನ್ನ ಸರದಿ. ಓದಲೇ, ಬೇಡವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕಪಟಿಯೇ ಎಂದು ಕೇಳಿದ್ದೀರಿ, ಹುದ್ದೆ ಬಿಡಬೇಕೇ ಎಂದು ಕೇಳಿದ್ದೀರಿ, ಮಗನ ಮಾತನ್ನೂ ನಮ್ಮವರ ಮಾತನ್ನೂ ನೋವಿನಿಂದ ಬರೆದಿದ್ದೀರಿ. ಆದರೆ ಹಿಡಿದಿಟ್ಟ ಅರ್ಧ ಕೂಲಿ ಆಮೇಲಾದರೂ ಅವರಿಗೆ ಮುಟ್ಟಿತೇ ಎಂಬುದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಧರ್ಮೋಪದೇಶಕರಿಗೆ ತರಬೇತಿ ಕೊಡುತ್ತಾ, ಧ್ಯಾನಕೂಟಗಳಲ್ಲಿ ಒಬ್ಬೊಬ್ಬರ ಜೊತೆ ಕುಳಿತು ಅವರ ಮಾತು ಕೇಳುತ್ತಾ ಕಳೆದ ಮೂವತ್ತು ವರ್ಷಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ: ದೈವಭಕ್ತಿಯುಳ್ಳ ಮನುಷ್ಯನಿಂದ ತಪ್ಪಾದಾಗ ಅವನ ಕಣ್ಣು ಮೊದಲು ಹೋಗುವುದು ತನ್ನ ಹೆಸರಿಗೆ ತಗಲಿದ ಕಲೆಯ ಕಡೆಗೆ, ನೊಂದವನ ಕಡೆಗಲ್ಲ. ನಿಮ್ಮ ಗೊಂದಲ ಬಿಗಿಯಾಗಿರುವುದೂ ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಮೊದಲು ‘ಕಪಟಿ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಶುಭಸಂದೇಶದಲ್ಲಿ ಯೇಸುಸ್ವಾಮಿ ಆಡಿದ ಮಾತಿಗೆ ಗ್ರೀಕ್ ಮೂಲದಲ್ಲಿ ಇರುವ ಶಬ್ದ ‘ಹುಪೊಕ್ರಿತೇಸ್’. ಆ ಕಾಲದ ಜನರ ಬಾಯಲ್ಲಿ ಅದು ರಂಗದ ಮೇಲೆ ವೇಷ ಹಾಕುವ ನಟನ ಹೆಸರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಆಸುಪಾಸಿನಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿಯಿಡೀ ಅರಸನಾಗಿ ಕುಣಿದವರು ಬೆಳಗ್ಗೆ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅವರು ಮೋಸ ಮಾಡಿದರೆಂದು ಯಾರೂ ಹೇಳುವುದಿಲ್ಲ. ವೇಷ ಕಳಚಲು ಹೆದರಿ, ಕಿರೀಟವನ್ನು ತಲೆಯ ಮೇಲೆಯೇ ಇಟ್ಟುಕೊಂಡು ಪೇಟೆಗೆ ಹೋದಾಗ ಮಾತ್ರ ತೊಂದರೆ ಆರಂಭವಾಗುತ್ತದೆ. ಸಿಟ್ಟು ಬಂದದ್ದರಿಂದಲೋ ತಪ್ಪು ಮಾಡಿದ್ದರಿಂದಲೋ ನೀವು ಕಪಟಿಯಾಗುವುದಿಲ್ಲ. ತಪ್ಪೇ ನಡೆಯಲಿಲ್ಲವೆಂಬಂತೆ ಗುರ್ಕಾರರ ಮುಖವನ್ನು ಹೊತ್ತು ತಿರುಗತೊಡಗಿದರೆ ಆಗುತ್ತೀರಿ. ನೀವಿನ್ನೂ ಅಲ್ಲಿಗೆ ತಲುಪಿಲ್ಲ, ತಲುಪಿದವರು ಇಂಥ ಪತ್ರ ಬರೆಯುವುದಿಲ್ಲ. ಆದರೆ ಆ ದಾರಿಯ ಬಾಯಲ್ಲಿ ನಿಂತಿದ್ದೀರಿ.

ಮಾದರಿಯಾಗುವವನಲ್ಲಿ ಕುಂದೇ ಇರಬಾರದೆಂಬ ನಂಬಿಕೆ ನಮ್ಮ ಧರ್ಮಕೇಂದ್ರಗಳಲ್ಲಿ ಆಳವಾಗಿದೆ. ಅದಕ್ಕೆ ಬೈಬಲ್ಲಿನ ಆಧಾರವಿಲ್ಲ. ಯೇಸುವಿನ ಶಿಷ್ಯ ಪೇತ್ರನು ಮೂರು ಬಾರಿ ಗುರುವನ್ನು ನಿರಾಕರಿಸಿದ ಸಂಗತಿ ನಾಲ್ಕೂ ಶುಭಸಂದೇಶಗಳಲ್ಲಿ ಇದೆ. ಆದಿ ಕ್ರೈಸ್ತರು ತಮ್ಮ ಮುಖಂಡನ ಸೋಲನ್ನು ಮರೆಮಾಚುವ ಗೋಜಿಗೆ ಹೋಗಲಿಲ್ಲ. ಇನ್ನೊಂದು ಪ್ರಸಂಗ ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ, ಅದನ್ನು ನಾವು ಧರ್ಮೋಪದೇಶದ ತರಗತಿಗಳಲ್ಲಿ ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಅನ್ಯಜನರೊಂದಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದೊಡನೆ, ಅವರು ಏನೆನ್ನುವರೋ ಎಂಬ ಭಯದಿಂದ ಪಂಕ್ತಿ ಬಿಟ್ಟು ಸರಿದ. ಆ ಪತ್ರ ಬರೆದ ಪೌಲನು ಎಲ್ಲರೆದುರು ಅವನನ್ನು ಖಂಡಿಸಿದ. ಅಲ್ಲಿ ಪೌಲನು ಬಳಸಿದ್ದೂ ಅದೇ ನಟನೆಯ ಶಬ್ದದ ರೂಪವನ್ನೇ. ಕಪಟ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಕೆಟ್ಟ ಉದ್ದೇಶಕ್ಕಿಂತ ಹೆಚ್ಚಾಗಿ ಅದು ಹುಟ್ಟುವುದು ನಾಲ್ಕು ಜನ ಏನನ್ನುತ್ತಾರೋ ಎಂಬ ಹೆದರಿಕೆಯಲ್ಲಿ. ಆದರೂ ಪೇತ್ರನು ಹುದ್ದೆ ಬಿಟ್ಟು ಓಡಲಿಲ್ಲ, ಧರ್ಮಸಭೆಯೂ ಅವನನ್ನು ಕೈಬಿಡಲಿಲ್ಲ.

ಈಗ ಕೂಲಿಯ ವಿಷಯ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಮದ್ದು ಬಿಡುವವರು ಬಿಸಿಲನ್ನು ನೋಡಿ ಮರ ಏರುತ್ತಾರೆ; ಗೊನೆಯ ಮೇಲೆ ಕೊಳೆರೋಗ ತಡೆಯುವ ಮದ್ದಾದ ಬೋರ್ಡೋ ದ್ರಾವಣ ಒಣಗುವ ಮೊದಲೇ ಮಳೆ ಸುರಿದರೆ ಅದು ತೊಳೆದುಹೋಗುತ್ತದೆ. ಮಳೆಯನ್ನು ತಂದವರು ಅವರಲ್ಲ. ಬೆಳೆಯ ನಷ್ಟ ನಿಮ್ಮದು, ಅದು ದೊಡ್ಡದೇ ಇರಬಹುದು, ಅದರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಜಾರುವ ಮರದ ಮೇಲೆ ಜೀವ ಪಣವಿಟ್ಟು ಮಾಡಿದ ಒಂದು ದಿನದ ದುಡಿಮೆ ಅಲ್ಲಿಗೆ ಮುಗಿದಿದೆ, ಅದರ ಬೆಲೆ ಅವರಿಗೆ ಸಲ್ಲಬೇಕು. ಯಾಜಕಕಾಂಡದ 19ನೆಯ ಅಧ್ಯಾಯ ಆಳಿನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದೆನ್ನುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಅವನು ನಿನ್ನ ಜನದವನಿರಲಿ, ಪರಕೀಯನಿರಲಿ, ಹೊತ್ತು ಮುಳುಗುವ ಮೊದಲೇ ಕೂಲಿ ಕೊಡಬೇಕು, ಏಕೆಂದರೆ ಅವನು ಬಡವ, ಅವನ ಜೀವ ಅದರ ಮೇಲೆಯೇ ನಿಂತಿದೆ ಎನ್ನುತ್ತದೆ. ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಂತೂ ಹಿಡಿದಿಟ್ಟ ಕೂಲಿಯೇ ಬಾಯಿ ತೆರೆದು ಕೂಗುತ್ತದೆ, ಆ ಕೂಗು ದೇವರ ಕಿವಿಯನ್ನು ಮುಟ್ಟುತ್ತದೆ. ಇವೆಲ್ಲವನ್ನೂ ನೀವು ಇಗರ್ಜಿಯಲ್ಲಿ ಎಂದಾದರೂ ವಾಚಿಸಿರಬಹುದು.

ನಮ್ಮ ಕಾಸರಗೋಡು ಒಂದೇ ಅಂಗಡಿಯ ಜಗಲಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ ಕೇಳಿಬರುವ ನಾಡು. ಇಲ್ಲಿನ ನೆರೆಹೊರೆಯ ಬಹುಪಾಲು ಜನ ಇಗರ್ಜಿಯ ಬಲಿಪೂಜೆಗೆ ಬರುವುದಿಲ್ಲ, ನೀವು ಅಲ್ಲಿ ಏನು ವಾಚಿಸಿದಿರಿ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಶನಿವಾರ ಸಂಜೆ ನಿಮ್ಮ ಅಂಗಳದಲ್ಲಿ ಕೂಲಿಯ ಬಟವಾಡೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಅಂಗಡಿಯ ಎದುರು ಅವರು ಕೇಳಿದ ಪ್ರಶ್ನೆಯನ್ನು ಅವಮಾನವೆಂದು ತೆಗೆದುಕೊಳ್ಳಬೇಡಿ. ಬೈಬಲ್ ಓದುವವನಿಂದ ಹೆಚ್ಚಿನದನ್ನು ನಿರೀಕ್ಷಿಸಬಹುದೆಂಬ ಗೌರವ ಆ ಪ್ರಶ್ನೆಯೊಳಗೆ ಇದೆ. ಆ ಗೌರವ ಇಲ್ಲದಿದ್ದರೆ ಅವರು ಹಾಗೆ ಕೇಳುತ್ತಲೇ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ಬಾಕಿ ಹಣವನ್ನು ಪೂರ್ತಿ ಕೊಟ್ಟು ಬರುವುದು. ಬೇರೆಯವರ ಕೈಯಲ್ಲಿ ಕಳುಹಿಸಬೇಡಿ, ಗೂಗಲ್ ಪೇ ಮಾಡಿ ಸುಮ್ಮನಾಗಬೇಡಿ. ಅವರ ಮನೆಗೆ ನೀವೇ ಹೋಗಿ. ಇಷ್ಟು ದಿನ ತಡವಾದದ್ದಕ್ಕೆ ಒಂದಿಷ್ಟು ಹೆಚ್ಚಿಗೆ ಇಟ್ಟರೆ ಕಸಿದದ್ದನ್ನು ನಾಲ್ಕುಪಟ್ಟು ಹಿಂದಿರುಗಿಸಲು ಮುಂದಾದ ಬೈಬಲ್ಲಿನ ಜಕ್ಕಾಯನ ನೆನಪಿಗೆ ಒಪ್ಪುವ ಕೆಲಸವಾಗುತ್ತದೆ. “ನನ್ನಿಂದ ತಪ್ಪಾಯಿತು” ಎಂಬಲ್ಲಿಗೆ ಮಾತು ನಿಲ್ಲಲಿ. “ಆದರೆ ಆ ದಿನ ನೀವೂ…” ಎಂದು ಮುಂದುವರಿಸಿದರೆ ಹೋದದ್ದೂ ವ್ಯರ್ಥ. ಬೈದದ್ದು ಅಂಗಡಿಯ ಎದುರಾದ್ದರಿಂದ, ಅವರು ಒಪ್ಪುವುದಾದರೆ, ಕ್ಷಮೆಯ ಒಂದು ಮಾತನ್ನು ಅಲ್ಲಿಯೂ ಆಡುವುದು ನ್ಯಾಯ. ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಅವರನ್ನು ನಿಮ್ಮ ಪಶ್ಚಾತ್ತಾಪದ ಪ್ರದರ್ಶನಕ್ಕೆ ಸಾಕ್ಷಿಯಾಗಿಸುವ ಹಕ್ಕು ನಿಮಗಿಲ್ಲ. ಇದರಲ್ಲಿ ಅಪಾಯಗಳೂ ಇವೆ, ಮೊದಲೇ ಹೇಳಿಬಿಡುತ್ತೇನೆ. ಅವರು ಬಾಗಿಲಲ್ಲೇ ನಿಲ್ಲಿಸಿ ಹಣ ತೆಗೆದುಕೊಂಡು ಮಾತಾಡದೆ ಕಳುಹಿಸಬಹುದು. ಊರಿನಲ್ಲಿ ಕೆಲವರು “ಇದೂ ಒಂದು ನಾಟಕ” ಎನ್ನಬಹುದು. ಇನ್ನು ಮುಂದೆ ಕೆಲಸಕ್ಕೆ ಬರುವವರು ನಿಮ್ಮ ಮೆತುತನವನ್ನು ಬಳಸಿಕೊಳ್ಳಬಹುದು ಎಂಬ ಎಣಿಕೆಯೂ ಮನಸ್ಸಿಗೆ ಬರುತ್ತದೆ. ಆದರೂ ಹೋಗಿ. ಬಲಿಪೀಠದ ಮುಂದೆ ಕಾಣಿಕೆಯನ್ನು ಇಡುವಾಗ ಸಹೋದರನಿಗೆ ನಿನ್ನ ಮೇಲೆ ದೂರು ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗೆಂದು ಮತ್ತಾಯನ ಐದನೆಯ ಅಧ್ಯಾಯ ಹೇಳುವಾಗ, ಅವನು ಒಪ್ಪಿಕೊಳ್ಳುತ್ತಾನೆಂಬ ಭರವಸೆಯನ್ನು ಎಲ್ಲಿಯೂ ಕೊಡುವುದಿಲ್ಲ. ಪಾಪನಿವೇದನೆಯ ಸಂಸ್ಕಾರ ಇದಕ್ಕೆ ಬದಲಿಯಲ್ಲ. ಕಸಿದುಕೊಂಡದ್ದನ್ನು ಹಿಂದಿರುಗಿಸುವುದು ಪಶ್ಚಾತ್ತಾಪದ ಭಾಗವೆಂದೇ ಧರ್ಮಸಭೆ ಕಲಿಸುತ್ತದೆ.

ಮಗನ ಆರೋಪಕ್ಕೆ ಬರುತ್ತೇನೆ: “ಊರಿಗೆ ತೋರಿಸಲಿಕ್ಕೆ.” ಇಲ್ಲಿ ನಿಜವಾಗಿಯೂ ಒಂದು ಕಗ್ಗಂಟಿದೆ. ನಿಮ್ಮ ಸತ್ಕಾರ್ಯಗಳು ಜನರಿಗೆ ಕಾಣುವಂತೆ ಬೆಳಗಲಿ ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಹೇಳಿದ ಯೇಸುಸ್ವಾಮಿ, ಆರನೆಯ ಅಧ್ಯಾಯದಲ್ಲಿ ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿ, ಬಾಗಿಲು ಮುಚ್ಚಿ ಪ್ರಾರ್ಥಿಸಿ ಎನ್ನುತ್ತಾರೆ. ಎರಡೂ ಒಂದೇ ಪರ್ವತಪ್ರಸಂಗದ ಮಾತುಗಳು. ನೋಡಿದವನ ಕಣ್ಣು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದರಲ್ಲಿ ಇವುಗಳ ವ್ಯತ್ಯಾಸವಿದೆ: ಒಂದರಲ್ಲಿ ಅದು ಪರಲೋಕದ ತಂದೆಯ ಮೇಲೆ ನಿಲ್ಲುತ್ತದೆ, ಇನ್ನೊಂದರಲ್ಲಿ ಪ್ರಾರ್ಥಿಸುವವನ ಮೇಲೆ. ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನು ಗುಟ್ಟಾಗಿ ಮಾಡಲು ಹೇಳಿದ್ದಾರೆ. ನ್ಯಾಯ, ಕರುಣೆ, ಸಮಾಧಾನ ಮಾಡುವುದು ಇವು ತಾವಾಗಿಯೇ ಕಾಣುತ್ತವೆ, ಮುಚ್ಚಿಡಲು ಬರುವುದಿಲ್ಲ. ನಮ್ಮಲ್ಲಿ ಇದು ಅದಲುಬದಲಾಗಿದೆ ಎಂಬುದು ನನ್ನ ಅನುಭವ. ಉಪವಾಸ ಊರಿಗೆಲ್ಲ ತಿಳಿದಿರುತ್ತದೆ, ನ್ಯಾಯವನ್ನು ಗುಟ್ಟಾಗಿಯೂ ಮಾಡುವುದಿಲ್ಲ.

ಆದರೂ ಉದ್ದೇಶದಲ್ಲಿ ಸ್ವಲ್ಪ ಕೀರ್ತಿಯ ಆಸೆ ಬೆರೆತಿದೆ ಎಂದು ಅನಿಸಿದ ಮಾತ್ರಕ್ಕೆ ಒಳ್ಳೆಯ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ಲೊಯೋಲದ ಸಂತ ಇಗ್ನೇಷಿಯಸರು 1522ರಲ್ಲಿ ಮನ್ರೇಸದಲ್ಲಿದ್ದಾಗ ತಮ್ಮ ಪಾಪಗಳ ಬಗೆಗಿನ ಸಂಶಯದಿಂದಲೇ ಸಾಯುವಷ್ಟು ನರಳಿದವರು. ಈ ರೋಗವನ್ನು ಒಳಗಿನಿಂದ ಬಲ್ಲವರು. ಒಳ್ಳೆಯದನ್ನು ಮಾಡಹೊರಟಾಗ ‘ಇದು ಬರಿಯ ಹೆಗ್ಗಳಿಕೆಗೆ’ ಎಂಬ ಯೋಚನೆ ಬಂದು ತಡೆದರೆ ಏನು ಮಾಡಬೇಕೆಂಬುದಕ್ಕೆ ಅವರು ಸಂತ ಬರ್ನಾರ್ದರ ಉತ್ತರವನ್ನೇ ಕೊಡುತ್ತಾರೆ. ಆ ಯೋಚನೆಗೆ ಹೇಳಬೇಕಾದದ್ದು ಇಷ್ಟು: ನಿನಗಾಗಿ ನಾನಿದನ್ನು ಆರಂಭಿಸಲಿಲ್ಲ, ನಿನಗಾಗಿ ನಿಲ್ಲಿಸುವುದೂ ಇಲ್ಲ. ಧರ್ಮೋಪದೇಶಕರಿಗೆ ನಾನು ಇದನ್ನು ಕಂಠಪಾಠ ಮಾಡಿಸುತ್ತೇನೆ. ಪೂರ್ತಿ ಶುದ್ಧವಾದ ಉದ್ದೇಶ ಬಂದ ಮೇಲೆ ಸೇವೆ ಆರಂಭಿಸುತ್ತೇನೆ ಎಂದವರಲ್ಲಿ ಆರಂಭಿಸಿದ ಒಬ್ಬರನ್ನೂ ನಾನು ನೋಡಿಲ್ಲ.

ಪ್ರಾರ್ಥನೆಯಲ್ಲಿ ಬಾಯಿ ಮಾತ್ರ ಹೇಳುತ್ತಿದೆ ಎಂಬುದನ್ನು ಎರಡು ರೀತಿಯಲ್ಲಿ ನೋಡಬೇಕು. ಮನಸ್ಸಾಕ್ಷಿಗೆ ಚುಚ್ಚುವ ಒಂದು ಬಾಕಿ ಇರುವಾಗ ಪ್ರಾರ್ಥನೆ ಒಣಗುವುದು ಸಹಜ, ಅದು ಆರೋಗ್ಯದ ಲಕ್ಷಣ. ಬಾಕಿ ತೀರಿಸಿದ ಮೇಲೂ ಬರಡುತನ ಉಳಿದರೆ ಅದನ್ನು ದೇವರು ತೊರೆದ ಗುರುತೆಂದು ತಿಳಿಯಬೇಡಿ. ಲಿಸಿಯೂದ ಸಂತ ತೆರೇಸಾ 1896ರ ಪಾಸ್ಖದಿಂದ (ಈಸ್ಟರ್) 1897ರ ಸೆಪ್ಟೆಂಬರ್ 30ರಂದು ಸಾಯುವ ತನಕ ವಿಶ್ವಾಸದ ಕತ್ತಲೆಯಲ್ಲೇ ಇದ್ದರು. ಕೋಲ್ಕತ್ತದ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರು ಪ್ರಾರ್ಥನೆಯಲ್ಲಿ ಯಾವ ಸಾಂತ್ವನವನ್ನೂ ಕಾಣದೆ ಬಡವರ ಸೇವೆ ಮಾಡುತ್ತಿದ್ದರೆಂಬುದು ಲೋಕಕ್ಕೆ ತಿಳಿಯಿತು. ಭಾವನೆ ಬಾರದೆ ಪ್ರಾರ್ಥಿಸಿದವರು ಸುಳ್ಳು ಹೇಳಿದರೆಂದು ಧರ್ಮಸಭೆ ಅವರನ್ನು ದೂರಲಿಲ್ಲ. ಭಕ್ತಿಗೆ ಬೇರು ಸಂಕಲ್ಪದಲ್ಲಿದೆ, ಉಕ್ಕಿಬರುವ ಭಾವದಲ್ಲಿ ಮಾತ್ರವಲ್ಲ.

ಗುರ್ಕಾರಿಕೆ ಬಿಡುವ ಪ್ರಶ್ನೆಗೆ ಇಗ್ನೇಷಿಯಸರದೇ ಇನ್ನೊಂದು ನಿಯಮ ಅನ್ವಯಿಸುತ್ತದೆ: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಈಗ ರಾಜೀನಾಮೆ ಕೊಟ್ಟರೆ ಮೈ ಹಗುರಾದಂತೆ ಅನಿಸುತ್ತದೆ, ಆದರೆ ಹುದ್ದೆಯ ಗೌರವ ಉಳಿಸಲು ಓಡಿದಿರಿ ಎಂಬ ಪಾಠವೇ ಮಗನಿಗೆ ಸಿಗುತ್ತದೆ. ಕೂಲಿಯ ಬಾಕಿ ಹಾಗೆಯೇ ಉಳಿದಿರುತ್ತದೆ. ಏನೂ ಆಗಲಿಲ್ಲವೆಂಬಂತೆ ಮುಂದುವರಿಯುವುದು ಇದಕ್ಕಿಂತ ಕೆಟ್ಟದ್ದು. ನನ್ನ ಸಲಹೆ, ಬಾಕಿ ತೀರಿಸಿದ ಮೇಲೆ ವಿಗಾರರ (ಇಗರ್ಜಿಯ ಮುಖ್ಯ ಪಾದ್ರಿಗಳ) ಬಳಿ ನಡೆದದ್ದನ್ನೆಲ್ಲ ಹೇಳಿ, ತೀರ್ಮಾನವನ್ನು ಅವರಿಗೆ ಬಿಡಿ. ಒಂದೆರಡು ತಿಂಗಳು ಬಿಡುವು ತೆಗೆದುಕೊಳ್ಳಿ ಎಂದರೆ ತೆಗೆದುಕೊಳ್ಳಿ. ಗುರ್ಕಾರ ಎಂಬ ಹುದ್ದೆ ಪಾದ್ರಿಗಳು ವಿರಳವಾಗಿದ್ದ ಕಾಲದಲ್ಲಿ ಮನೆಮನೆಯ ವಿಶ್ವಾಸವನ್ನು ಹಿಡಿದು ನಿಲ್ಲಿಸಿದ ಹಿರಿಯರ ಹುದ್ದೆ. ಅವರಿಗೂ ಜಗಳಗಳಿದ್ದವು, ಜಮೀನಿನ ತಕರಾರುಗಳಿದ್ದವು. ಪೇತ್ರನ ಮೊದಲ ಪತ್ರ ಮುಖಂಡರಿಗೆ ಹೇಳುವುದು ಮಂದೆಯ ಮೇಲೆ ದೊರೆತನ ಮಾಡದೆ ಅದಕ್ಕೆ ಮಾದರಿಯಾಗಿರಿ ಎಂದು. ಹಾಗೆಂದು ಕೂಲಿಯ ತಕರಾರು ಬೇರೆ ಬೇರೆಯವರೊಂದಿಗೆ ಮತ್ತೆ ಮತ್ತೆ ನಡೆಯುತ್ತಿದೆ ಎಂದಾದರೆ ಮಾತು ಬೇರೆ. ಆಗ ಹುದ್ದೆಯನ್ನು ಬಿಡುವುದೇ ಪ್ರಾಮಾಣಿಕತೆ.

ಹೊರೆಕಾಣಿಕೆಯ ವಿಷಯ ನಿಮ್ಮ ಮನಸ್ಸಿನಲ್ಲಿ ಇಷ್ಟು ಭಾರವಾಗಬೇಕಾಗಿಲ್ಲ. ನಮ್ಮ ಕಡೆ ಊರ ಕಾರ್ಯಕ್ಕೆ ತೆಂಗಿನಕಾಯಿ, ಅಕ್ಕಿ, ತರಕಾರಿ ಕೊಡುವುದು ನೆರೆಯವರ ನಡುವಿನ ಕೊಡುಕೊಳೆ. ಬಲಿಪೂಜೆಯಂತೆಯೇ ಅಲ್ಲಿನ ಪೂಜೆಯೂ ಅದನ್ನು ನಂಬಿದವರದು. ಅದರಲ್ಲಿ ಪಾಲ್ಗೊಳ್ಳುವುದು ಒಂದು, ಉತ್ಸವಕ್ಕೆ ಬಂದವರು ಉಣ್ಣಲೆಂದು ಅಕ್ಕಿ ಕೊಡುವುದು ಇನ್ನೊಂದು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಘೋಷಿಸಿದೆ. ಪ್ರಸಾದದ ಬಗ್ಗೆ ನಿಮ್ಮವರಿಗೆ ಗೊಂದಲವಿದ್ದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೆಯ ಅಧ್ಯಾಯಗಳನ್ನು ಅವರೊಂದಿಗೆ ಕುಳಿತು ಓದಿ. ಅನ್ಯದೇವರಿಗೆ ಅರ್ಪಿಸಿದ ಆಹಾರದ ಪ್ರಶ್ನೆ ಅಲ್ಲಿದೆ; ಪೌಲನು ತಿನ್ನುವವನ, ಹಿಂಜರಿಯುವವನ, ಇಬ್ಬರ ಮನಸ್ಸಾಕ್ಷಿಯನ್ನೂ ಕಾಯುತ್ತಾನೆ. ಬಲಹೀನನಾದ ಸಹೋದರ ಎಡವದಂತೆ ನಿನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕಾದೀತು ಎಂಬ ಎಚ್ಚರಿಕೆಯೂ ಅಲ್ಲಿದೆ. ಆದ್ದರಿಂದ ಪ್ರಶ್ನಿಸಿದವರನ್ನು ಸಂಕುಚಿತರೆಂದು ತಳ್ಳಿಹಾಕಬೇಡಿ.

ಸಾಕ್ಷಿಯಾಗಿ ಬದುಕುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ಇನ್ನೊಂದು ತಪ್ಪು ಕಲ್ಪನೆಯಿದೆ. ಅಗತ್ಯವಿದ್ದರೆ ಮಾತ್ರ ಮಾತಿನಿಂದ ಬೋಧಿಸಿ ಎಂಬ ಹೇಳಿಕೆಯನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನಲ್ಲಿ ಎಲ್ಲೆಡೆ ಹಂಚುತ್ತಾರೆ, ಆದರೆ ಅವರ ಬರಹಗಳಲ್ಲಿ ಅದು ಇಲ್ಲ. 1221ರ ಅವರ ನಿಯಮಾವಳಿಯಲ್ಲಿ ಇರುವುದು ಇನ್ನೂ ಸೂಕ್ಷ್ಮವಾದದ್ದು: ಅನ್ಯಧರ್ಮೀಯರ ನಡುವೆ ಹೋಗುವ ಸೋದರರು ವಾದ ವಿವಾದ ಮಾಡದೆ, ದೇವರಿಗಾಗಿ ಎಲ್ಲರಿಗೂ ಅಧೀನರಾಗಿದ್ದು, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳಬೇಕು. ನಮ್ಮ ಮಂಜೇಶ್ವರಕ್ಕೆ ಹತ್ತಿರದ ಮುಡಿಪುವಿನಲ್ಲಿ ಸ್ಮರಿಸಲ್ಪಡುವ ಸಂತ ಜೋಸೆಫ್ ವಾಜ್‌ರು ಬದುಕಿದ್ದು ಹಾಗೆಯೇ. 1681ರಿಂದ 1684ರ ತನಕ ಕೆನರಾದಲ್ಲಿ ಸೇವೆ ಮಾಡಿ, ಆಮೇಲೆ ಶ್ರೀಲಂಕೆಗೆ ಭಿಕ್ಷುಕನ ವೇಷದಲ್ಲಿ ಹೋದ ಅವರನ್ನು ಕ್ಯಾಂಡಿಯಲ್ಲಿ ಗೂಢಚಾರರೆಂದು ಶಂಕಿಸಿ ಸೆರೆಯಲ್ಲಿಟ್ಟರು. 1697ರಲ್ಲಿ ಅಲ್ಲಿ ಸಿಡುಬು ಹರಡಿದಾಗ, ಜನರು ಬಿಟ್ಟುಹೋದ ರೋಗಿಗಳನ್ನು ಜಾತಿ ಮತ ನೋಡದೆ ಅವರು ಶುಶ್ರೂಷೆ ಮಾಡಿದರು. ಆ ಸೇವೆಯೂ ಅವರ ಸಾಕ್ಷಿಯೇ ಆಗಿತ್ತು.

ಮಗನ ಬಗ್ಗೆ ಎರಡು ಮಾತು. ತಂದೆ ತಾಯಂದಿರು ಮಾತಿನಿಂದಲೂ ಮಾದರಿಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸಬೇಕೆಂದು 1983ರ ಧರ್ಮಸಭಾ ಕಾನೂನು ಸಂಹಿತೆ ಹೇಳುತ್ತದೆ. ಫಲ ಇಂಥ ದಿನವೇ ಬರಬೇಕೆಂದು ಹೇಳುವುದಿಲ್ಲ. ಸಂತ ಮೋನಿಕಾ ತಮ್ಮ ಮಗ ಅಗಸ್ಟೀನನಿಗೆ ಬುದ್ಧಿ ಹೇಳಿ ಎಂದು ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿಕೊಂಡಾಗ, ಅವನಿನ್ನೂ ಕಲಿಯುವ ಸ್ಥಿತಿಯಲ್ಲಿಲ್ಲ, ಸದ್ಯಕ್ಕೆ ಬಿಟ್ಟುಬಿಡಿ, ಪ್ರಾರ್ಥಿಸಿ ಎಂದರಂತೆ ಅವರು. ಅಗಸ್ಟೀನ್ ದೀಕ್ಷಾಸ್ನಾನ ಪಡೆದದ್ದು 387ರಲ್ಲಿ. ನಿಮ್ಮ ಮಗನನ್ನು ತೇರ್ಸಿಗೆ ಬಲವಂತವಾಗಿ ಕೂರಿಸಬೇಡಿ. ಅವನ ಸಿಟ್ಟು ದೇವರ ಮೇಲಿನದ್ದಲ್ಲ, ನೀವು ಕಲಿಸಿದ ನ್ಯಾಯಪ್ರಜ್ಞೆಯಿಂದಲೇ ಬಂದದ್ದು. ಆ ಮನೆಗೆ ಹೋಗುವಾಗ ಅವನನ್ನು ಜೊತೆಗೆ ಕರೆದುಕೊಂಡು ಹೋಗಲೂಬೇಡಿ, ಅದು ಮತ್ತೊಂದು ಪ್ರದರ್ಶನವಾಗುತ್ತದೆ. ಹೋಗಿ ಬಂದ ಮೇಲೆ ಅವನು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ, ಅವರು ನಿಮ್ಮೊಂದಿಗೆ ಮಾತಾಡಲಿಲ್ಲವಾದರೆ ಅದನ್ನೂ ಹೇಳಿ. ಅಂಗಡಿಯ ಎದುರು ಅವನೂ ಇದ್ದವನಾದ್ದರಿಂದ ಅವನಲ್ಲಿಯೂ ಕ್ಷಮೆ ಕೇಳಬೇಕಾಗಿದೆ. ತಂದೆಯೊಬ್ಬ ಮಗನಲ್ಲಿ ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿಲ್ಲ, ಕಷ್ಟವಾಗುತ್ತದೆ ಎಂದು ಬಲ್ಲೆ.

ಇನ್ನು ಭಾನುವಾರದ ವಾಚನ. ಶನಿವಾರ ಹೊತ್ತು ಮುಳುಗುವ ಮೊದಲು ಕೂಲಿ ಮುಟ್ಟಿಸಿ ಬಂದಿದ್ದರೆ, ಅವರು ನಿಮ್ಮನ್ನು ಕ್ಷಮಿಸಿರಲಿ, ಬಿಡಲಿ, ವಾಚಿಸಿ. ಹೋಗಲಾಗದಿದ್ದರೆ ಆ ವಾರದ ವಾಚನವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟು, ಕಾರಣವನ್ನು ವಿಗಾರರಿಗೆ ಮಾತ್ರ ತಿಳಿಸಿ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ. ಬಲಿಪೂಜೆ ಮುಗಿದೊಡನೆ ಇಗರ್ಜಿಯಿಂದ ನೇರವಾಗಿ ಅವರ ಮನೆಗೆ ಹೋಗಿ.